ಹಗ್ಗ ಹಿಡಿದವರ ಕಣ್ಣು ಎಲ್ಲಿರಬೇಕು

ಕುಂತಲದ ರಾಜ ಶಾತಕರ್ಣಿ ಶಾತವಾಹನ ಪ್ರಣಯದ ಭರದಲ್ಲಿ ಕೊಟ್ಟ ಒಂದು ಹೊಡೆತಕ್ಕೆ ಅವನ ಪಟ್ಟದರಸಿ ಮಲಯವತಿ ಸತ್ತುಹೋದಳು. ಚೋಳ ರಾಜನೊಬ್ಬನ ಕೈಯಲ್ಲಿ ಚಿತ್ರಸೇನೆ ಎಂಬ ಗಣಿಕೆ ಹೀಗೇ ಸತ್ತಳು. ನರದೇವ ಎಂಬವನ ಕೈ ತಪ್ಪಿ ಒಬ್ಬ ನರ್ತಕಿಯ ಕಣ್ಣು ಹೋಯಿತು. ಈ ಮೂರೂ ಪ್ರಸಂಗ ಬರುವುದು ವಾತ್ಸ್ಯಾಯನನ ಕಾಮಸೂತ್ರದಲ್ಲಿ, ಕ್ರಿ.ಶ. 3ನೇ ಶತಮಾನದ ಸುಮಾರಿನ ಪುಸ್ತಕದಲ್ಲಿ. ಕುಂತಲ ಅಂದರೆ ನಮ್ಮ ಉತ್ತರ ಕರ್ನಾಟಕ ಮತ್ತು ಅದಕ್ಕೆ ಅಂಟಿಕೊಂಡ ಮಹಾರಾಷ್ಟ್ರದ ಸೀಮೆ. ಎದೆಗೆ, ತಲೆಗೆ, ಕೆನ್ನೆಗೆ ಹೊಡೆಯುವ ಈ ಬಗೆಗಳು ದಕ್ಷಿಣದವರ ರೂಢಿ ಅಂತಲೂ ಅವನು ಹೇಳುತ್ತಾನೆ. ಹೇಳಿ, ಇದು ಅಪಾಯ, ಬೇಡ ಅನ್ನುತ್ತಾನೆ.

ಬಿಡಿಎಸ್‌ಎಂ, ಅಂದರೆ ಇಬ್ಬರೂ ಒಪ್ಪಿ ಕಟ್ಟುವ, ಹೊಡೆಯುವ, ಆಳುವ ಪ್ರಣಯದಾಟ, ಅನ್ನುವ ಮಾತು ಎದ್ದ ಕೂಡಲೇ "ಇದೆಲ್ಲ ಫಾರಿನ್‌ನವರ ಹುಚ್ಚು" ಅನ್ನುವವರು ಸಿಗುತ್ತಾರೆ. ಅವರಿಗೆ ನಾನು ಈ ಅಧ್ಯಾಯವನ್ನು ತೋರಿಸುತ್ತೇನೆ. ಆದರೆ ನನಗೆ ಅದು ಮುಖ್ಯ ಆಗಿರುವುದು ಬೇರೆ ಎರಡು ಕಾರಣಕ್ಕೆ.

ಒಂದು, ಅಲ್ಲೇ ಬರುವ ಕುದುರೆಯ ಶ್ಲೋಕ. ನಾಗಾಲೋಟದಲ್ಲಿ ಓಡುವ ಕುದುರೆಗೆ ದಾರಿಯ ಕಂಬ ಕಾಣುವುದಿಲ್ಲ, ಗುಂಡಿ ಕಾಣುವುದಿಲ್ಲ, ಕಂದಕವೂ ಕಾಣುವುದಿಲ್ಲ. ಆವೇಗದಲ್ಲಿರುವ ಪ್ರೇಮಿಗಳಿಗೂ ಮುಂದಿನ ಅಪಾಯ ಹಾಗೇ ಕಾಣುವುದಿಲ್ಲ ಅಂತ ಅದರ ಅರ್ಥ. ಇನ್ನೊಂದು, ಹೊಡೆತಕ್ಕೆ ಬರುವ ಉದ್ಗಾರಗಳ ಪಟ್ಟಿ. "ಅಮ್ಮಾ" ಅನ್ನುವ ಮಾತು, "ಬೇಡ" ಅನ್ನುವ ಮಾತು, "ಬಿಡು" ಅನ್ನುವ ಮಾತು, "ಸಾಕು" ಅನ್ನುವ ಮಾತು. ಇವೆಲ್ಲ ಆಟದ ಭಾಗವಾಗಿಯೇ ಬಾಯಿಂದ ಬರುತ್ತವೆ ಅಂತ ಅವನು ದಾಖಲಿಸುತ್ತಾನೆ.

ಇಡೀ ಸಮಸ್ಯೆ ಇರುವುದು ಇಲ್ಲೇ. "ಬಿಡು, ಸಾಕು" ಅನ್ನುವುದು ಆಟದ ಮಾತು ಆಗಿಬಿಟ್ಟರೆ, ನಿಜವಾಗಿ ಸಾಕಾದಾಗ ಏನು ಹೇಳಬೇಕು? ಕೇಳಿಸಿಕೊಳ್ಳುವವರಿಗೆ ಅದು ಹೇಗೆ ಗೊತ್ತಾಗಬೇಕು? ಹೆಣ್ಣು ಬೇಡ ಅಂದರೆ ಬೇಕು ಅಂತಲೇ ಅರ್ಥ ಅಂತ ನಮ್ಮ ಎಷ್ಟು ಸಿನಿಮಾಗಳು ಹೇಳಿಕೊಟ್ಟಿವೆ. ಆ ಪಾಠ ಕಲಿತವನ ಕೈಗೆ ಹಗ್ಗ ಕೊಟ್ಟರೆ ಏನಾಗಬಹುದು ಅಂತ ಯೋಚನೆ ಮಾಡಿ.

ಸೇಫ್‌ವರ್ಡ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಆಟದಲ್ಲಿ ಯಾವ ಕಾರಣಕ್ಕೂ ಬಾಯಿಗೆ ಬಾರದ ಒಂದು ಮಾತನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು. ಅದು ಕಿವಿಗೆ ಬಿದ್ದ ಕ್ಷಣ ಎಲ್ಲ ನಿಲ್ಲಬೇಕು. ಹೆಚ್ಚಿನವರು ಸಿಗ್ನಲ್ ಬಣ್ಣಗಳನ್ನೇ ಬಳಸುತ್ತಾರೆ. ಹಸಿರು ಅಂದರೆ ಸರಿ ಇದೆ, ಹಳದಿ ಅಂದರೆ ನಿಧಾನ, ಏನೋ ಸರಿ ಇಲ್ಲ, ಕೆಂಪು ಅಂದರೆ ನಿಲ್ಲಿಸು.

ಬೆಂಗಳೂರಿನಲ್ಲಿ ಇಂಥ ಆಸಕ್ತಿ ಇರುವವರು ಆಗಾಗ ಕಾಫಿ ಕುಡಿಯುತ್ತಾ ಸೇರುತ್ತಾರೆ. ಮಂಚ್ ಅಂತ ಕರೆಯುತ್ತಾರೆ. ಮಾಮೂಲಿ ಬಟ್ಟೆ, ಮಾಮೂಲಿ ಹೋಟೆಲು, ಮಾತು ಮಾತ್ರ. ನಾನೂ ಹೋಗುತ್ತೇನೆ. ಹೊಸದಾಗಿ ಬಂದವರ ಪಕ್ಕ ಕೂತು ಮಾತಾಡುವುದು ನನಗೆ ಇಷ್ಟ. ಅವರಲ್ಲಿ ಹೆಚ್ಚು ಜನ ಕೇಳುವುದು ಕೆಂಪಿನ ಬಗ್ಗೆ. ನಾನು ಹೇಳುವುದು ಹಳದಿಯ ಬಗ್ಗೆ. "ಕೆಂಪು" ಅಂದುಬಿಟ್ಟರೆ ಆಟ ಮುಗಿಯುತ್ತದೆ, ಎದುರಿನವರಿಗೆ ಬೇಜಾರಾಗುತ್ತದೆ, ನನ್ನನ್ನು ಅಳುಬುರುಕಿ ಅಂದುಕೊಳ್ಳುತ್ತಾರೆ ಅಂತ ಎಷ್ಟೋ ಜನ ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಬೆಳೆಯುವಾಗಲೇ "ಸುಮ್ನಿರು, ಹೊಂದಿಕೊಂಡು ಹೋಗು" ಅಂತ ಕೇಳಿಸಿಕೊಂಡು ಬಂದ ಹೆಣ್ಣುಮಕ್ಕಳಿಗಂತೂ ಇದು ಬಹಳ ಕಷ್ಟ. ಹಳದಿ ಅನ್ನುವುದಕ್ಕೆ ಅಷ್ಟು ಧೈರ್ಯ ಬೇಡ. ಅದನ್ನು ಮೊದಲೇ ರೂಢಿ ಮಾಡಿಕೊಂಡರೆ ಕೆಂಪಿನ ತನಕ ಹೋಗುವ ಪ್ರಸಂಗವೇ ಅಪರೂಪ.

ಇನ್ನೊಂದು ಮಾತು. ನೋವು, ಭಯ, ಉದ್ವೇಗ ಸೇರಿದಾಗ ಮೈಯಲ್ಲಿ ಎಂಡಾರ್ಫಿನ್, ಅಡ್ರಿನಲಿನ್ ಏರುತ್ತವೆ. ಕೆಲವರು ಆಗ ತೇಲಿದ ಹಾಗೆ ಆಗುತ್ತಾರೆ. ಸಬ್ ಅಂದರೆ ಆಟದಲ್ಲಿ ಕಟ್ಟಿಸಿಕೊಳ್ಳುವ, ಹೊಡೆಸಿಕೊಳ್ಳುವ ಕಡೆಯವರು, ಅವರ ಈ ಸ್ಥಿತಿಯನ್ನು ಸಬ್‌ಸ್ಪೇಸ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ನೋವು ಕಡಿಮೆ ಅನ್ನಿಸುತ್ತದೆ, ಮಾತು ತೊದಲುತ್ತದೆ, ಏನು ಕೇಳಿದರೂ "ಹೂಂ" ಅನ್ನುತ್ತಾರೆ. ಅಂಥ "ಹೂಂ"ಗೆ ಬೆಲೆ ಕೊಡಬಾರದು. ಶುರುವಿನಲ್ಲಿ ಒಪ್ಪಿದ್ದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗಬಾರದು, ಆಟದ ಮಧ್ಯೆ ಹೊಸ ಒಪ್ಪಿಗೆ ಕೇಳಬಾರದು ಅನ್ನುವ ನಿಯಮ ಬಂದಿದ್ದು ಅದಕ್ಕೇ. ಕಡಿಮೆ ಮಾಡುವುದು ಯಾವಾಗ ಬೇಕಾದರೂ ಸರಿ. ಜಾಸ್ತಿ ಮಾಡುವುದು ಇನ್ನೊಂದು ದಿನಕ್ಕೆ.

ಬಾಯಿಗೆ ಬಟ್ಟೆ ಇದ್ದರೆ? ಕೈಯಲ್ಲಿ ಒಂದು ಕೀ ಗೊಂಚಲು ಹಿಡಿದಿರುತ್ತಾರೆ. ಕೈ ಬಿಟ್ಟರೆ ಅದು ನೆಲಕ್ಕೆ ಬಿದ್ದು ಸದ್ದಾಗುತ್ತದೆ. ನನಗೆ ಈ ಉಪಾಯ ತುಂಬ ಇಷ್ಟ. ಯಾಕೆಂದರೆ ಎಚ್ಚರ ತಪ್ಪಿದರೂ ಗೊಂಚಲು ಬೀಳುತ್ತದೆ, ಸದ್ದು ಆಗುತ್ತದೆ. ಹೇಳಬೇಕಾದವರು ಹೇಳಲಾಗದ ಸ್ಥಿತಿಗೆ ಹೋದಾಗಲೂ ಕೆಲಸ ಮಾಡುವ ಎಚ್ಚರಿಕೆ ಅದು.

ಅಮೆರಿಕದಲ್ಲಿ ಇದೆಲ್ಲ ಸಂಘಟನೆಯ ರೂಪಕ್ಕೆ ಬಂದಿದ್ದು 1970ರ ದಶಕದಲ್ಲಿ. ನ್ಯೂಯಾರ್ಕ್‌ನಲ್ಲಿ 1971ರಲ್ಲಿ ಯೂಲೆನ್‌ಸ್ಪೀಗಲ್ ಸೊಸೈಟಿ ಶುರುವಾಯಿತು. 1983ರಲ್ಲಿ ಅದೇ ಊರಿನ ಸಲಿಂಗಿ ಗಂಡಸರ ಒಂದು ಸಂಘ "ಸೇಫ್, ಸೇನ್, ಕನ್ಸೆನ್ಶುವಲ್" ಅನ್ನುವ ಮಾತನ್ನು ಹೊರತಂದಿತು. ಸುರಕ್ಷಿತವಾಗಿರಬೇಕು, ವಿವೇಕ ಇರಬೇಕು, ಒಪ್ಪಿಗೆ ಇರಬೇಕು. ಆ ಮಾತು ಜಗತ್ತೆಲ್ಲ ಹರಡಿತು. 1999ರಲ್ಲಿ ಗ್ಯಾರಿ ಸ್ವಿಚ್ ಎಂಬಾತ ಅದಕ್ಕೆ ತಕರಾರು ತೆಗೆದ. ಪರ್ವತ ಹತ್ತುವವರು ನಾವು ಸುರಕ್ಷಿತ ಅಂತ ಹೇಳಿಕೊಳ್ಳುವುದಿಲ್ಲ, ಅಪಾಯ ಇದೆ ಅಂತ ಗೊತ್ತಿದ್ದೇ ಹತ್ತುತ್ತಾರೆ. ಹಾಗಾಗಿ "ಅಪಾಯದ ಅರಿವಿದ್ದು ಒಪ್ಪಿ ಆಡುವುದು" ಅನ್ನುವುದೇ ಪ್ರಾಮಾಣಿಕ ಅಂದ. ಅದನ್ನು ರ‍್ಯಾಕ್ ಅಂತ ಚುಟುಕಾಗಿ ಕರೆಯುತ್ತಾರೆ. ನನ್ನ ಮತ ಎರಡನೆಯದಕ್ಕೆ. "ಇದು ಸೇಫ್" ಅಂದುಕೊಂಡವರು ಹಗ್ಗ ಕತ್ತರಿಸುವ ಕತ್ತರಿ ತರಲು ಮರೆಯುತ್ತಾರೆ.

ಅಂಥ ದೇಶಗಳಲ್ಲಿ ಈ ಆಟದ ಪಾರ್ಟಿಗಳು ನಡೆಯುವಾಗ ಎಲ್ಲರ ಮೇಲೆ ಕಣ್ಣಿಡಲು ಡಂಜನ್ ಮಾನಿಟರ್ ಅಂತ ಒಬ್ಬರಿರುತ್ತಾರೆ. ತೋಳಿಗೆ ಪಟ್ಟಿ, ಜೇಬಲ್ಲಿ ಬ್ಯಾಂಡೇಜ್ ಕತ್ತರಿ, ಟಾರ್ಚು. ಅವರು ಆ ರಾತ್ರಿ ಕುಡಿಯುವುದಿಲ್ಲ, ತಾವು ಆಡುವುದೂ ಇಲ್ಲ. ಸುಮ್ಮನೆ ಸುತ್ತುತ್ತಾರೆ, ನೋಡುತ್ತಾರೆ. ಯಾರ ಕೈ ನೀಲಿಯಾಗುತ್ತಿದೆ, ಯಾರ ಉಸಿರು ಬದಲಾಗಿದೆ, ಯಾರು ಮಾತಿಗೆ ತಡವಾಗಿ ಉತ್ತರ ಕೊಡುತ್ತಿದ್ದಾರೆ. ಯಾವ ಆಟವನ್ನಾದರೂ ನಿಲ್ಲಿಸುವ ಹಕ್ಕು ಅವರಿಗಿರುತ್ತದೆ. ಯಾರ ಬಾಯಲ್ಲಿ "ರೆಡ್" ಕೇಳಿದರೂ ಅವರು ಅಲ್ಲಿಗೆ ಬರುತ್ತಾರೆ.

ನಮ್ಮಲ್ಲಿ ಅಂಥ ಜಾಗವೂ ಇಲ್ಲ, ಅಂಥ ಮನುಷ್ಯರೂ ಇಲ್ಲ. ಪಿಜಿಯ ರೂಮು, ಬಾಡಿಗೆ ಫ್ಲ್ಯಾಟು, ಹೋಟೆಲು. ಬಾಗಿಲು ಹಾಕಿದರೆ ಒಳಗೆ ಇಬ್ಬರೇ. ಹಾಗಾಗಿ ಮಾನಿಟರ್ ಮಾಡಬೇಕಾದ ಕೆಲಸವೆಲ್ಲ ಕಟ್ಟುವವರ ತಲೆಯ ಮೇಲೆ ಬೀಳುತ್ತದೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಕಟ್ಟಿಸಿಕೊಂಡವರು ಹೇಳಲಿ ಅಂತ ಕಾಯುವುದಲ್ಲ, ಕಟ್ಟಿದವರು ಕೇಳಬೇಕು.

ಹಗ್ಗದ್ದೇ ಉದಾಹರಣೆ ಕೊಡುತ್ತೇನೆ. ತೋಳಿನ ಮೇಲ್ಭಾಗದಲ್ಲಿ, ಹೊರಗಡೆ ಹಿಂಬದಿಗೆ, ರೇಡಿಯಲ್ ನರ ಮೂಳೆಯನ್ನು ಬಳಸಿಕೊಂಡು ಹೋಗುತ್ತದೆ. ಎದೆಗೂ ತೋಳಿಗೂ ಸೇರಿಸಿ ಸುತ್ತುವ ಹಗ್ಗ ಬಂದು ಕೂರುವುದು ಸರಿಯಾಗಿ ಅಲ್ಲೇ. ನರ ಒತ್ತಿಹೋದರೆ ಮಣಿಕಟ್ಟು ಜೋತುಬೀಳುತ್ತದೆ, ಕೈ ಮೇಲೆತ್ತಲು ಆಗುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯೆ, ಕೈಯ ಹಿಂಬದಿಯಲ್ಲಿ, ಮರಗಟ್ಟುತ್ತದೆ. ಸರಿಹೋಗಲು ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಕುಡಿದು ಕುರ್ಚಿಯ ಬೆನ್ನಿಗೆ ತೋಳು ಹಾಕಿ ಮಲಗಿದವರಿಗೆ ಬೆಳಿಗ್ಗೆ ಆಗುವ ತೊಂದರೆಯೂ ಇದೇ. ಕೈಯ ಬಣ್ಣ ನೋಡಿದರೆ ರಕ್ತದ ಓಡಾಟ ಗೊತ್ತಾಗುತ್ತದೆ, ನರದ ಸ್ಥಿತಿ ಗೊತ್ತಾಗುವುದಿಲ್ಲ. ಬಣ್ಣ ಚೆನ್ನಾಗಿದ್ದೂ ನರ ಪೆಟ್ಟು ತಿನ್ನುತ್ತಿರಬಹುದು.

ಹಾಗಾಗಿ ಕೈಗೇ ಕೆಲಸ ಕೊಟ್ಟು ನೋಡಬೇಕು. ಚೆನ್ನಾಗಿ ಕಲಿತ ಇಬ್ಬರ ಮಧ್ಯೆ ಆ ಮಾತು ಹೀಗಿರುತ್ತದೆ.

"ಕಲರ್ ಹೇಳೇ."

"ಹಳದಿ. ಎಡಗೈ ಜುಮ್ ಅಂತಿದೆ ಕಣೋ."

"ಜುಮ್ ಅಂದ್ರೆ? ಕೈ ಭಾರ ಆದ ಹಾಗಾ, ಶಾಕ್ ಹೊಡೆದ ಹಾಗಾ?"

"ಶಾಕ್ ಥರ. ಹೆಬ್ಬೆಟ್ಟಿನ ಕಡೆ."

"ಮಣಿಕಟ್ಟು ಮೇಲಕ್ಕೆತ್ತು. ಇನ್ನೂ ಸ್ವಲ್ಪ. ನನ್ನ ಬೆರಳು ತಳ್ಳು."

ತಳ್ಳುವ ಬಲ ಕಡಿಮೆ ಅನ್ನಿಸಿತು. ಅಷ್ಟು ಸಾಕು. ಹಗ್ಗ ಸಡಿಲ ಮಾಡೋಣ, ಇನ್ನೈದು ನಿಮಿಷ ನೋಡೋಣ ಅನ್ನುವುದೆಲ್ಲ ಇಲ್ಲ. ಗಂಟು ತಕ್ಷಣ ಬಿಚ್ಚಲು ಬರದಿದ್ದರೆ ಕತ್ತರಿಸಬೇಕು. ಎಷ್ಟು ದುಡ್ಡು ಕೊಟ್ಟು ತಂದ ಹಗ್ಗ ಆದರೂ ಸರಿ. ತುದಿ ಮೊಂಡಾಗಿರುವ ಬ್ಯಾಂಡೇಜ್ ಕತ್ತರಿ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅದು ಬ್ಯಾಗಿನ ತಳದಲ್ಲಿ ಇದ್ದರೆ ಪ್ರಯೋಜನ ಇಲ್ಲ, ಕೈಗೆಟಕುವ ಕಡೆ ಇರಬೇಕು. ಕೈಕೋಳ ಆದರೆ ಕೀ. ಅದನ್ನೂ ಎರಡು ಇಟ್ಟುಕೊಂಡಿರಬೇಕು. ಕಟ್ಟಿಸಿಕೊಂಡವರನ್ನು ಒಬ್ಬರನ್ನೇ ಬಿಟ್ಟು ಪಕ್ಕದ ರೂಮಿಗೂ ಹೋಗಬಾರದು, ಪಾರ್ಸೆಲ್ ಬಂದಿದೆ ಅಂತ ಬಾಗಿಲಿಗೂ ಹೋಗಬಾರದು. ಎದುರಿನವರಿಗೆ ಶುಗರ್ ಇದೆಯಾ, ಆಸ್ತಮಾ ಇದೆಯಾ, ಭುಜ ಯಾವಾಗಲಾದರೂ ಜಾರಿತ್ತಾ ಅಂತ ಮೊದಲೇ ಕೇಳಿರಬೇಕು. ಹೊಡೆಯುವ ಆಟ ಆದರೆ ತಲೆ, ಕತ್ತು, ಬೆನ್ನುಮೂಳೆ, ಮೂತ್ರಪಿಂಡ ಇರುವ ಸೊಂಟದ ಮೇಲ್ಭಾಗ ಬಿಟ್ಟುಬಿಡಬೇಕು. ಮಲಯವತಿಗೆ ಬಿದ್ದ ಹೊಡೆತದ ಹೆಸರು ಕರ್ತರಿ, ಅದು ತಲೆಗೆ ಹೊಡೆಯುವ ಬಗೆ.

ಕತ್ತಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಉಸಿರುಗಟ್ಟಿಸುವ ಆಟ ಈಗ ಫೋನಿನ ವಿಡಿಯೋಗಳ ದೆಸೆಯಿಂದ ಮಾಮೂಲು ಅನ್ನುವ ಹಾಗೆ ಆಗಿಬಿಟ್ಟಿದೆ. ಇಪ್ಪತ್ತರ ಹುಡುಗರು ಅದನ್ನು ಬಿಡಿಎಸ್‌ಎಂ ಅಂತಲೂ ಅಂದುಕೊಂಡಿಲ್ಲ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಹತ್ತು ಸೆಕೆಂಡಿನೊಳಗೇ ಎಚ್ಚರ ತಪ್ಪಬಹುದು. ಕೆಂಪು ಅನ್ನಲು ಸಮಯ ಎಲ್ಲಿದೆ? ರಕ್ತನಾಳದ ಒಳಗೋಡೆ ಹರಿದು ಆಮೇಲೆ ಸ್ಟ್ರೋಕ್ ಆದದ್ದೂ ಇದೆ. ಎಷ್ಟೋ ಕ್ಲಬ್ಬುಗಳು ಇದನ್ನು ಪೂರ್ತಿ ನಿಷೇಧಿಸಿವೆ. ಸರಿಯಾಗಿ ಮಾಡುವ ವಿಧಾನ ಹೇಳಿಕೊಡಿ ಅಂತ ಯಾರಾದರೂ ಕೇಳಿದರೆ, ಅಂಥ ವಿಧಾನ ಇಲ್ಲ ಅಂತಲೇ ನಾನು ಹೇಳುವುದು.

ಈ ಉಸಿರಿನ ಪ್ರಶ್ನೆಯೇ ಕೆನಡಾದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಬ್ಬ ಮಹಿಳೆ ತನ್ನ ಸಂಗಾತಿ ಕತ್ತು ಒತ್ತಿ ಎಚ್ಚರ ತಪ್ಪಿಸಲು ಒಪ್ಪಿದ್ದಳು. ಎಚ್ಚರ ಇಲ್ಲದ ಕೆಲವೇ ನಿಮಿಷಗಳಲ್ಲಿ ಅವನು ಲೈಂಗಿಕ ಕ್ರಿಯೆ ನಡೆಸಿದ. ಮೊದಲೇ ಒಪ್ಪಿಗೆ ಇತ್ತಲ್ಲ, ಅಷ್ಟು ಸಾಲದೇ ಅನ್ನುವುದು ಪ್ರಶ್ನೆ. 2011ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಸಾಲದು ಅಂದರು. ಒಪ್ಪಿಗೆ ಆ ಕ್ರಿಯೆ ನಡೆಯುವ ಉದ್ದಕ್ಕೂ ಎಚ್ಚರದಲ್ಲಿರುವ ಮನಸ್ಸಿನಲ್ಲಿ ಇರಬೇಕು, ಯಾವ ಕ್ಷಣದಲ್ಲಿ ಬೇಕಾದರೂ ವಾಪಸ್ ತೆಗೆದುಕೊಳ್ಳಲು ಆಗಬೇಕು ಅನ್ನುವುದು ಅವರ ತೀರ್ಪು. ಉಳಿದ ಮೂವರು ಒಪ್ಪಲಿಲ್ಲ. ತನ್ನ ಮೈ ಬಗ್ಗೆ ಮುಂಚಿತವಾಗಿ ತೀರ್ಮಾನ ಮಾಡುವ ಸ್ವಾತಂತ್ರ್ಯವನ್ನೇ ಇದು ಕಸಿಯುತ್ತದೆ ಅಂತ ಅವರ ವಾದ. ಆ ವಾದದಲ್ಲಿ ಹುರುಳಿದೆ. ಆದರೂ ನಾನು ಆರು ಮಂದಿಯ ಕಡೆಯೇ. ಎಚ್ಚರ ತಪ್ಪಿದವರ ಕೈಯಿಂದ ಕೀ ಗೊಂಚಲು ಆಗಲೇ ಬಿದ್ದುಹೋಗಿರುತ್ತದೆ.

ಬ್ರಿಟನ್ನಿನ ದಾರಿ ಬೇರೆ, ಮತ್ತು ಅದು ನನಗೆ ಸಿಟ್ಟು ಬರಿಸುವ ದಾರಿ. 1987ರಲ್ಲಿ ಪೊಲೀಸರ ಕೈಗೆ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿದ್ದದ್ದು ಗಂಡಸರು ಪರಸ್ಪರ ಒಪ್ಪಿ ನೋವಿನ ಆಟ ಆಡುತ್ತಿದ್ದದ್ದು. ಅವರಲ್ಲಿ ಯಾರೂ ದೂರು ಕೊಟ್ಟಿರಲಿಲ್ಲ. ಆದರೂ ಕೇಸು ನಡೆಯಿತು, ಜೈಲಾಯಿತು. 1993ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡರ ಬಹುಮತದಲ್ಲಿ ಇಂಥ ಗಾಯಕ್ಕೆ ಒಪ್ಪಿಗೆ ಸಮರ್ಥನೆ ಆಗುವುದಿಲ್ಲ ಅಂದಿತು. 1997ರಲ್ಲಿ ಯೂರೋಪಿನ ಮಾನವ ಹಕ್ಕು ನ್ಯಾಯಾಲಯವೂ ಅವರ ಕೈ ಹಿಡಿಯಲಿಲ್ಲ. ಇದರ ಮಧ್ಯೆ 1996ರಲ್ಲಿ ಒಬ್ಬ ಗಂಡ ಹೆಂಡತಿಯ ಕೋರಿಕೆಯ ಮೇರೆಗೆ ಕಾದ ಚಾಕುವಿನಿಂದ ಅವಳ ಮೈಮೇಲೆ ತನ್ನ ಹೆಸರಿನ ಅಕ್ಷರ ಬರೆದ. ಅಪೀಲು ನ್ಯಾಯಾಲಯ ಅವನನ್ನು ಬಿಟ್ಟುಬಿಟ್ಟಿತು. ಗಂಡ ಹೆಂಡತಿಯ ಮನೆಯೊಳಗಿನ ವಿಚಾರ ಅಂತ. ಯಾರ ಒಪ್ಪಿಗೆಗೆ ಬೆಲೆ ಇದೆ ಅನ್ನುವುದು ಅವರು ಯಾರು ಅನ್ನುವುದರ ಮೇಲೆ ನಿಂತಿತ್ತು, ಅಲ್ವಾ? ಇನ್ನೊಂದು ಕಡೆ, ಹೆಂಗಸರನ್ನು ಕೊಂದವರು "ಅವಳೇ ಕೇಳಿದ್ದಳು, ಆಟದಲ್ಲಿ ಆಯಿತು" ಅಂತ ಕೋರ್ಟಿನಲ್ಲಿ ಹೇಳುವುದು ಹೆಚ್ಚಾಗಿತ್ತು. ಸತ್ತವಳು ಬಂದು ಇಲ್ಲ ಅನ್ನಲಾರಳು. ಅದನ್ನು ತಡೆಯಲು 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ, ಲೈಂಗಿಕ ಸುಖಕ್ಕಾಗಿ ಗಂಭೀರ ಗಾಯ ಮಾಡಲು ಒಪ್ಪಿಗೆ ಇತ್ತು ಅನ್ನುವ ವಾದ ನಡೆಯುವುದಿಲ್ಲ ಅಂತ ಬರೆದರು. ಅದು ಬರಲೇಬೇಕಿತ್ತು.

ನಮ್ಮ ದೇಶದಲ್ಲಿ ಬಿಡಿಎಸ್‌ಎಂ ಅಂತಲೇ ಹೆಸರಿಟ್ಟ ಕಾನೂನು ಇಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಪ್ರಕಾರ, 18 ದಾಟಿದವರು ಒಪ್ಪಿದ್ದರೆ ಮತ್ತು ಸಾವು ಅಥವಾ ತೀವ್ರ ಗಾಯದ ಉದ್ದೇಶ, ಸಂಭವ ಇಲ್ಲದಿದ್ದರೆ, ಆದ ಹಾನಿ ಅಪರಾಧವಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆ ಇಬ್ಬರು ಮೋಜಿಗೆ ಕತ್ತಿವರಸೆ ಆಡುವುದು. ಬ್ರಿಟಿಷರ ಕಾಲದ ದಂಡಸಂಹಿತೆಯಿಂದ ಹಾಗೇ ಬಂದಿರುವ ಉದಾಹರಣೆ. ಮೂಳೆ ಮುರಿತ, ಕಣ್ಣು ಹೋಗುವುದು, 15 ದಿನ ತೀವ್ರ ನೋವು ಇರುವಂಥದ್ದು ತೀವ್ರ ಗಾಯ. ಅಲ್ಲಿಗೆ ಒಪ್ಪಿಗೆಯ ರಕ್ಷಣೆ ಮುಗಿಯುತ್ತದೆ. ಅತ್ಯಾಚಾರದ 63ನೇ ಕಲಂ ಇನ್ನೂ ಸ್ಪಷ್ಟ. ಒಪ್ಪಿಗೆ ಆ ನಿರ್ದಿಷ್ಟ ಕ್ರಿಯೆಗೇ ಇರಬೇಕು, ಮಾತಿನಲ್ಲೋ ಸನ್ನೆಯಲ್ಲೋ ಸಂಶಯಕ್ಕೆ ಎಡೆ ಇಲ್ಲದ ಹಾಗೆ ತಿಳಿಸಿರಬೇಕು, ಪ್ರತಿಭಟಿಸಲಿಲ್ಲ ಅನ್ನುವುದೇ ಒಪ್ಪಿಗೆ ಆಗದು. ಹಳದಿಯ ಬಗ್ಗೆ ನಾವು ಹೇಳಿಕೊಡುವುದು ಸರಿಸುಮಾರು ಇದನ್ನೇ.

ಆದರೆ ಹೆಂಡತಿಗೆ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. 18 ದಾಟಿದ ಹೆಂಡತಿಯ ವಿಚಾರದಲ್ಲಿ ಗಂಡನಿಗೆ ವಿನಾಯಿತಿ ಇದೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ದೊಡ್ಡ ಸುದ್ದಿಯಾಯಿತು. ಜುಲೈನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಇಂಥ ಆಟಗಳ ಬಗ್ಗೆ ಬರೆಯುವಾಗ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಗ್ಗ ಕಟ್ಟುವ ಮೊದಲು ಅರ್ಧ ಗಂಟೆ ಕೂತು ಏನು ಬೇಕು, ಏನು ಬೇಡ ಅಂತ ಮಾತಾಡುವ ಜೋಡಿಯನ್ನು ವಿಕೃತ ಅನ್ನುವ ಸಮಾಜವೇ, ಒಂದು ಮಾತೂ ಕೇಳದ ಗಂಡನನ್ನು ಮಾಮೂಲು ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಿಂದ ಪರಸ್ಪರ ಒಪ್ಪಿಗೆಯ ಸ್ಯಾಡೊಮ್ಯಾಸೋಕಿಸಂ (ನೋವು ಕೊಟ್ಟು, ನೋವು ಪಡೆದು ಸುಖಪಡುವುದು) ಅನ್ನು ತೆಗೆದುಹಾಕಿದೆ, ಬಲವಂತದ್ದನ್ನು ಮಾತ್ರ ಉಳಿಸಿಕೊಂಡಿದೆ. ಗೆರೆ ಎಲ್ಲಿದೆ ಅಂತ ಅವರಿಗೆ ಗೊತ್ತಾಗಿದೆ.

ಹಾಗಂತ ನಮ್ಮ ವಲಯದಲ್ಲಿ ಎಲ್ಲರೂ ಸಾಚಾ ಅಂತ ಅಲ್ಲ. "ನಿಜವಾದ ಸಬ್‌ಗೆ ಸೇಫ್‌ವರ್ಡ್ ಬೇಕಾಗಲ್ಲ", "ನನ್ನ ಮೇಲೆ ನಂಬಿಕೆ ಇಲ್ವಾ?" ಅನ್ನುವವರು ಇದ್ದಾರೆ. ಅಂಥವರ ಜೊತೆ ಕಾಫಿ ಕೂಡ ಬೇಡ ಅಂತ ಹೊಸಬರಿಗೆ ನಾನು ನೇರವಾಗಿ ಹೇಳುತ್ತೇನೆ. ಬರೀ ಮೆಸೇಜಿನಲ್ಲೇ ಆಜ್ಞೆ ಮಾಡಲು ಶುರು ಮಾಡುವವರು, ಮೊದಲ ಭೇಟಿಯೇ ರೂಮಿನಲ್ಲಿ ಅನ್ನುವವರು, ಫೋಟೋ ಕೇಳುವವರು, ಹಳೆಯ ಸಂಗಾತಿಗಳೆಲ್ಲ ಹುಚ್ಚರು ಅನ್ನುವವರು. ಎಚ್ಚರಿಕೆ ಕೊಡುವ ಲಕ್ಷಣ ಇನ್ನೂ ಇವೆ. ಆದರೆ ಒಂದು ಸಣ್ಣ ಪರೀಕ್ಷೆ ಸಾಕಾಗುತ್ತದೆ. ಚಿಕ್ಕ ವಿಷಯಕ್ಕೆ ಇಲ್ಲ ಅಂದು ನೋಡಿ. ಈ ಹೋಟೆಲು ಬೇಡ, ಇವತ್ತು ಬೇಗ ಹೋಗಬೇಕು ಅಂತ. ಅದಕ್ಕೆ ಮುಖ ಊದಿಸುವವರು ದೊಡ್ಡ "ಇಲ್ಲ"ವನ್ನು ಕೇಳಿಸಿಕೊಳ್ಳುವುದಿಲ್ಲ.

ಮೊದಲ ಸಲ ಯಾರನ್ನಾದರೂ ಒಂಟಿಯಾಗಿ ಭೇಟಿಯಾಗುವಾಗ ಸೇಫ್ ಕಾಲ್ ಇಟ್ಟುಕೊಳ್ಳಬೇಕು. ಒಬ್ಬ ಗೆಳತಿಗೆ ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇನೆ ಅಂತ ತಿಳಿಸಿರುವುದು. ಲೈವ್ ಲೊಕೇಶನ್ ಹಾಕಿಟ್ಟಿರುವುದು. ಎರಡು ಮಾತು ಗೊತ್ತು ಮಾಡಿಕೊಂಡಿರಬೇಕು. "ಊಟ ಆಯ್ತು" ಅಂದರೆ ಎಲ್ಲ ಸರಿ. "ಅತ್ತೆ ಫೋನ್ ಮಾಡಿದ್ರಾ?" ಅಂದರೆ ತಕ್ಷಣ ಬಾ. ಫೋನ್ ಬರಲೇ ಇಲ್ಲ ಅಂದರೆ ಏನು ಮಾಡಬೇಕು, ಎಷ್ಟು ನಿಮಿಷ ಕಾಯಬೇಕು, ಯಾವಾಗ 112ಕ್ಕೆ ಕರೆ ಮಾಡಬೇಕು ಅನ್ನುವುದೂ ಆ ಗೆಳತಿಗೆ ಸ್ಪಷ್ಟ ಇರಬೇಕು. ಇಲ್ಲದಿದ್ದರೆ ಅವಳು ಮರ್ಯಾದೆಗೆ ಹೆದರಿ ಬೆಳಗಿನ ತನಕ ಕಾಯುತ್ತಾಳೆ. ಭೇಟಿಗೆ ಬರುವವರಿಗೂ ಈ ಏರ್ಪಾಡಿನ ಬಗ್ಗೆ ಮೊದಲೇ ಹೇಳಿ. ಒಳ್ಳೆಯವರು "ಸರಿ, ಮಾಡಿ" ಅನ್ನುತ್ತಾರೆ.

ಮುಗಿದ ಮೇಲೂ ನೋಡಿಕೊಳ್ಳುವುದು ಇರುತ್ತದೆ. ನೀರು, ಒಂದು ಹೊದಿಕೆ, ಏನಾದರೂ ಸಿಹಿ, ಪಕ್ಕದಲ್ಲಿ ಒಬ್ಬರು. ಕೆಲವರಿಗೆ ಮಾತು ಬೇಕು, ಕೆಲವರಿಗೆ ಸುಮ್ಮನೆ ಕೂರಬೇಕು. ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಏರಿದ್ದು ಇಳಿಯುವಾಗ, ಒಂದೆರಡು ದಿನ ಬಿಟ್ಟು, ಕಾರಣವಿಲ್ಲದೆ ಅಳು ಬರಬಹುದು. ಕಟ್ಟಿದವರಿಗೂ ಬರುತ್ತದೆ, ನಾನು ಎಂಥವನು ಅನ್ನುವ ಸಂಕಟ. ಮಾರನೆಯ ದಿನ ಒಂದು ಫೋನು, ಆಮೇಲೆ ಇನ್ನೊಂದು. "ಹೇಗಿದೀಯಾ" ಅನ್ನುವುದರ ಜೊತೆಗೆ ಬಿಡಿಸಿ ಕೇಳಿ. ಕೈ ಸರಿ ಇದೆಯಾ, ನಿದ್ದೆ ಬಂತಾ, ಯಾವುದು ಇಷ್ಟ ಆಗಲಿಲ್ಲ.

ಎರಡು ದಿನ ಕಳೆದರೂ ಬೆರಳು ಮರಗಟ್ಟಿಯೇ ಇದ್ದರೆ, ಮಣಿಕಟ್ಟು ಏಳದಿದ್ದರೆ ನರರೋಗ ತಜ್ಞರ ಹತ್ತಿರ ಹೋಗಲೇಬೇಕು. ಕತ್ತು ಒತ್ತಿದ ಮೇಲೆ ಧ್ವನಿ ಬದಲಾಗಿದ್ದರೆ, ನುಂಗಲು ಕಷ್ಟ ಆದರೆ, ತಲೆನೋವು, ತಲೆಸುತ್ತು ಬಂದರೆ ಅದೇ ಗಂಟೆ ಆಸ್ಪತ್ರೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಆಸ್ಪತ್ರೆ ಕೇಸು) ಮಾಡಿಬಿಡುತ್ತಾರೇನೋ, ಮನೆಗೆ ಗೊತ್ತಾಗುತ್ತದೇನೋ ಅಂತ ಹೆದರಿ ಬಚ್ಚಲಲ್ಲಿ ಜಾರಿಬಿದ್ದೆ ಅನ್ನುವವರೇ ಹೆಚ್ಚು. ಡಾಕ್ಟರ್ ಆಗ ಮೂಳೆಯ ಎಕ್ಸ್‌ರೇ ತೆಗೆಸಿ ಕಳಿಸುತ್ತಾರೆ, ನರ ಹಾಗೇ ಉಳಿಯುತ್ತದೆ. "ತೋಳಿಗೆ ಹಗ್ಗ ಬಿಗಿಯಾಗಿ ಇಷ್ಟು ಹೊತ್ತು ಇತ್ತು, ಇಬ್ಬರೂ ಒಪ್ಪಿ ಮಾಡಿದ್ದು" ಅಂತ ಒಂದೇ ಮಾತಿನಲ್ಲಿ ಹೇಳಿ. ಎಲ್ಲಿ, ಎಷ್ಟು ಹೊತ್ತು, ಈಗ ಏನು ಆಗುತ್ತಿಲ್ಲ ಅನ್ನುವ ಮೂರು ಸಂಗತಿ ಡಾಕ್ಟರಿಗೆ ಬೇಕು. ಕಟ್ಟಿದವರು ಜೊತೆಗೆ ಹೋಗಿ, ಆ ಮಾತನ್ನು ತಾವೇ ಹೇಳಲಿ. ಒಳಗೆ ಒಬ್ಬರನ್ನೇ ಮಾತಾಡಿಸಬೇಕು ಅಂತ ಡಾಕ್ಟರ್ ಅಂದರೆ ಎದ್ದು ಹೊರಗೆ ಬಂದು ಕೂತಿರಲಿ.